ಮಂಗಳವಾರದ ತೊಗರಿಬೇಳೆ

ಇವತ್ತು ಬೆಳಿಗ್ಗೆ ಸಾರಿಗೆ ಬೇಳೆ ಇಡಬೇಕೆಂದು ಅಡುಗೆಮನೆಯ ಕಪಾಟು ತೆರೆದೆ. ಕೈ ತೊಗರಿಬೇಳೆಯ ಡಬ್ಬಿಯವರೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಇವತ್ತು ಯಾವ ವಾರವೆಂದು ನನಗೆ ನೆನಪಿರಲಿಲ್ಲ, ಕೈಗೆ ನೆನಪಿತ್ತು. ಹೊರಗೆ ಬಂದು ಕ್ಯಾಲೆಂಡರ್ ನೋಡಿದರೆ ಮಂಗಳವಾರವೇ. ಈಗೀಗ ಕನ್ನಡಕ ಎಲ್ಲಿಟ್ಟೆ, ಗುಳಿಗೆ ನುಂಗಿದೆನೋ ಇಲ್ಲವೋ ಎಂಬುದನ್ನೆಲ್ಲ ನನ್ನ ತಲೆ ಮರೆತುಬಿಡುತ್ತದೆ. ಈ ಕೈ ಮಾತ್ರ ಮನೆಯ ಹಳೆಯ ಆಳಿನ ಹಾಗೆ, ಯಾರೂ ಹೇಳದಿದ್ದರೂ ತನ್ನ ಕೆಲಸ ತಾನು ಮಾಡುತ್ತಿರುತ್ತದೆ.

ಹೆಸರುಬೇಳೆಯ ಡಬ್ಬಿ ಇಳಿಸಿದೆ. ಸೊಸೆ ನೋಡುತ್ತಿದ್ದಳು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅವಳು ಇದನ್ನು ಕೇಳಿರಲಿಲ್ಲ, ಇವತ್ತು ಕೇಳಿಯೇಬಿಟ್ಟಳು.

“ಅತ್ತೀ, ಮಂಗಳವಾರ ತೊಗರಿ ತಿಂದ್ರ ಏನಾಗತೈತ್ರಿ?”

“ಏನೂ ಆಗೂದಿಲ್ಲವಾ.”

“ಮತ್ತ ಯಾಕ ಮಾಡೂದಿಲ್ರಿ?”

ನಾನು ಸಾಸಿವೆ ಹುಡುಕುವವಳ ಹಾಗೆ ಮುಖ ತಿರುಗಿಸಿದೆ. ಉತ್ತರ ಉದ್ದವಿತ್ತು, ಕುಕ್ಕರ್ ಸೀಟಿ ಹೊಡೆಯುವಷ್ಟರಲ್ಲಿ ಮುಗಿಯುವಂಥದಲ್ಲ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಬಸ್ಸು ಹಿಡಿಯುವ ಅವಸರವಿಲ್ಲ ಎಂದುಕೊಂಡಿದ್ದೇನೆ.

ಬೈಲಹೊಂಗಲದಲ್ಲಿ ನಮ್ಮವ್ವನ ಅಡುಗೆಮನೆ ಬಹಳ ಸಣ್ಣದು. ಒಲೆಯ ಮುಂದೆ ಒಬ್ಬರು ಕುಳಿತರೆ ಇನ್ನೊಬ್ಬರು ಹೊಸ್ತಿಲ ಮೇಲೆಯೇ ಕೂಡಬೇಕು. ಅಷ್ಟು ಸಣ್ಣ ಜಾಗದಲ್ಲಿ ಒಂಬತ್ತೂ ಗ್ರಹಗಳು ಇದ್ದವು. ಗೋದಿ ಸೂರ್ಯನದು, ಅಕ್ಕಿ ಚಂದ್ರನದು, ತೊಗರಿ ಮಂಗಳನದು, ಹೆಸರು ಬುಧನದು, ಕಡಲೆ ಗುರುವಿನದು, ಅವರೆ ಶುಕ್ರನದು, ಎಳ್ಳು ಶನಿಯದು. ಉದ್ದು ರಾಹುವಿಗೆ, ಹುರುಳಿ ಕೇತುವಿಗೆ. ಅವ್ವ ಡಬ್ಬಿ ಒರೆಸಿ ಜೋಡಿಸುವಾಗ ನಮಗೆ ಇದನ್ನು ಹೇಳಿಕೊಡುತ್ತಿದ್ದಳು. ಜೋಳಕ್ಕೆ ಮಾತ್ರ ಯಾವ ಗ್ರಹವೂ ಇರಲಿಲ್ಲ. ದಿನವೂ ಎರಡು ಹೊತ್ತು ನಾವು ತಿನ್ನುವ ರೊಟ್ಟಿಗೇ ಮೇಲೆ ಯಾರೂ ದಿಕ್ಕಿಲ್ಲವಲ್ಲ ಎಂದು ನನಗೆ ಆಗ ಬೇಜಾರಾಗುತ್ತಿತ್ತು. ಈಗ ನೋಡಿದರೆ ನಮ್ಮ ಮನೆಯಲ್ಲಿ ಯಾರ ತಂಟೆಗೂ ಹೋಗದೆ ಎಲ್ಲರ ಹೊಟ್ಟೆ ತುಂಬಿಸಿದ್ದು ಆ ಜೋಳವೊಂದೇ.

ಸಾಲೆಯಲ್ಲಿ ಮಾಸ್ತರರು ಹೇಳಿಕೊಟ್ಟ ಗ್ರಹಗಳೂ ಒಂಬತ್ತೇ. ಆದರೆ ಆ ಒಂಬತ್ತು ಬೇರೆ, ಈ ಒಂಬತ್ತು ಬೇರೆ. ಸಾಲೆಯ ಲೆಕ್ಕದಲ್ಲಿ ಸೂರ್ಯ ಗ್ರಹವಲ್ಲ, ಚಂದ್ರನೂ ಅಲ್ಲ, ರಾಹು ಕೇತುಗಳ ಸುದ್ದಿಯೇ ಇಲ್ಲ. ಅವರ ಬದಲು ಭೂಮಿ, ಯುರೇನಸ್, ನೆಪ್ಚೂನ್, ಪ್ಲೂಟೊ. ನಾನು ಪರೀಕ್ಷೆಯಲ್ಲಿ ಎರಡೂ ಮನೆತನ ಕೂಡಿಸಿ ಬರೆದು ಬೈಸಿಕೊಂಡಿದ್ದೆ. ಯುರೇನಸ್, ನೆಪ್ಚೂನ್ ಮೇಲೆ ನನಗೆ ಇಂದಿಗೂ ಗೌರವವಿದೆ. ಅಷ್ಟು ದೊಡ್ಡ ಮೈ ಇಟ್ಟುಕೊಂಡೂ ನಮ್ಮ ತಾಲೂಕಿನಲ್ಲಿ ಯಾರ ಲಗ್ನಕ್ಕೂ ಅವು ಅಡ್ಡ ಬಂದದ್ದನ್ನು ನಾನು ಕೇಳಿಲ್ಲ.

ಗುಡಿಯಲ್ಲಿ ಒಂದು ಕಲ್ಲಿನ ಮೇಲೆ ಒಂಬತ್ತೂ ಮೂರ್ತಿ ಕೆತ್ತಿದ್ದನ್ನು ನೀವೂ ನೋಡಿರುತ್ತೀರಿ. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಒಂದೊಂದು ದಿಕ್ಕಿಗೆ ತಿರುಗಿ ನಿಂತಿರುತ್ತವೆ. ನಮ್ಮವ್ವನ ತಾಯಿ, ದೊಡವಾಡದ ಆಯಿ, ಅದನ್ನು ನೋಡಿದಾಗಲೆಲ್ಲ, “ಹೊಲಾ ಹಂಚಿಕೊಂಡ ಅಣ್ಣತಮ್ಮರಂಗ ನಿಂತಾವ ನೋಡ” ಎನ್ನುತ್ತಿದ್ದಳು. ನಕ್ಕು ಪ್ರದಕ್ಷಿಣೆ ಹಾಕುತ್ತಿದ್ದಳು. ಈ ಆಯಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಮನೆಯ ದುಃಖ ಶುರುವಾಗುವುದು ಇವಳ ಒಂದು ಮಾತಿನಿಂದ, ಅದು ಬಯಲಾಗುವುದೂ ಇವಳ ಮಾತಿನಿಂದಲೇ. ಪಾಪ, ಎರಡು ಸಲವೂ ಅವಳು ಸುಳ್ಳು ಹೇಳಲಿಲ್ಲ.

ನಮ್ಮಪ್ಪ ಹತ್ತಿ ಪೇಟೆಯ ಅಡತಿ ಅಂಗಡಿಯೊಂದರಲ್ಲಿ ಹತ್ತಿ ನೋಡುವ ಕೆಲಸದಲ್ಲಿದ್ದ. ಹತ್ತಿ ತುಂಬಿದ ಅಂಡಿಗೆ ಚೀಲದೊಳಗೆ ಮೊಳಕೈವರೆಗೆ ಕೈ ತೂರಿಸಿ, ಒಂದು ಹಿಡಿ ಹತ್ತಿ ಹೊರಗೆಳೆದು, ಎಳೆ ಬಿಡಿಸಿ ಬೆಳಕಿಗೆ ಹಿಡಿದರೆ ಅದು ಯಾವ ಕಡೆಯ ಹೊಲದ್ದು, ಎಷ್ಟು ನೀರು ಕುಡಿದಿದೆ ಎಂದು ಹೇಳುತ್ತಿದ್ದ. ಮೇಲಿನ ಹತ್ತಿ ನೋಡಿ ಮೋಸ ಹೋಗುವವನಲ್ಲ. ನಮ್ಮದು ಕೊರಳಲ್ಲಿ ಲಿಂಗವಿರುವ ಮನೆತನ. ಮಠದ ಅಯ್ಯನವರು, “ಲಿಂಗಾ ಕಟ್ಟಿಕೊಂಡವ್ರಿಗೆ ಗ್ರಹಾ ಏನ ಮಾಡತಾವ್ರಿ?” ಎಂದು ಕೇಳಿದರೆ ಅಪ್ಪ, “ಖರೇ ಅದರೀ ಬುದ್ಧಿ” ಎಂದು ತಲೆಯಾಡಿಸುತ್ತಿದ್ದ. ಹಾಗೆ ತಲೆಯಾಡಿಸಿಯೇ ಮೊದಲ ಮಗಳು ಹುಟ್ಟಿದಾಗ ಸವದತ್ತಿಗೆ ಹೋಗಿ ಜಾತಕ ಬರೆಸಿಕೊಂಡು ಬಂದ. ಅಂಗಡಿಯ ಧಣಿಗಳ ಮಕ್ಕಳಿಗೆಲ್ಲ ಜಾತಕವಿತ್ತು. ಮಗಳಿಗೆ ಬೆಳ್ಳಿಯ ಕಾಲುಚೈನು ಮಾಡಿಸಿದ ಹಾಗೆ ಇದೂ ಒಂದು ಇರಲಿ ಎಂದು ಅವನಿಗೆ ಅನಿಸಿರಬೇಕು.

ಆ ಮಗಳೇ ನನ್ನಕ್ಕ, ಕಸ್ತೂರಿ. ನಾವೆಲ್ಲ ಕರೆಯುವುದು ಕಸ್ತೂರಕ್ಕ. ನಾನು ಹುಟ್ಟುವ ಹೊತ್ತಿಗೆ ಅಪ್ಪನ ಹುರುಪು ಇಳಿದಿತ್ತು. ನನಗೆ ಜಾತಕ ಬರೆಸಲಿಲ್ಲ. ಹೀಗಾಗಿ ಅಕ್ಕನಿಗೆ ಒಂಬತ್ತು ಗ್ರಹಗಳಿದ್ದರೆ ನನಗೆ ಒಂದೂ ಇರಲಿಲ್ಲ. ಸಣ್ಣವಳಿದ್ದಾಗ ಇದಕ್ಕಾಗಿ ಅತ್ತು ರಂಪ ಮಾಡಿದ್ದೇನೆ.

ಕಸ್ತೂರಕ್ಕ ಹುಟ್ಟಿದ್ದು ದೊಡವಾಡದಲ್ಲಿ, ಆಯಿಯ ಮನೆಯಲ್ಲಿ. ಆಗ ಆ ಓಣಿಯಲ್ಲಿ ಗಡಿಯಾರ ಇರಲಿಲ್ಲ. ಊರಿನ ಗಡಿಯಾರವೆಂದರೆ ಧಾರವಾಡದಿಂದ ಬರುವ ಸಂಜೆಯ ಮೋಟಾರು. ಅದರ ಹಾರನ್ನು ಕೇಳಿ ಹೆಂಗಸರು ಒಲೆ ಹೊತ್ತಿಸುತ್ತಿದ್ದರು, ಎಮ್ಮೆ ಹಿಂಡುತ್ತಿದ್ದರು. ಮಗಳನ್ನು ನೋಡಲು ಬಂದ ಅಪ್ಪ, ಕೂಸು ಯಾವಾಗ ಹುಟ್ಟಿತು ಎಂದು ಕೇಳಿದಾಗ ಆಯಿ, “ಸಂಜೀ ಮೋಟಾರ ಬಂದ ನಿಂತಿತ್ತು ನೋಡ್ರಿ, ಒಳಗ ಕೂಸು ಅತ್ತಿತು” ಎಂದಳು. ಸಂಜೆಯ ಮೋಟಾರಿನ ಹೊತ್ತು ಐದು ಗಂಟೆ. ಅಪ್ಪ ಸವದತ್ತಿಯ ಜೋಯಿಸರ ಮುಂದೆ ಕುಳಿತು “ಐದಕ್ಕರೀ” ಎಂದ. ರೈತಾಪಿ ಮಂದಿಯಲ್ಲಿ ಇಷ್ಟು ಸ್ಪಷ್ಟವಾಗಿ ವೇಳೆ ಹೇಳುವವರೇ ಇಲ್ಲವೆಂದು ಜೋಯಿಸರು ಹೊಗಳಿದರಂತೆ. ಅಪ್ಪ ಅದನ್ನು ಬಹಳ ದಿನ ಹೇಳಿಕೊಂಡು ತಿರುಗಿದ.

ಐದು ಗಂಟೆಯ ಲೆಕ್ಕಕ್ಕೆ ಮಂಗಳ ಏಳನೇ ಮನೆಯಲ್ಲಿ ಬಂದು ಕುಳಿತಿದ್ದ. ಜಾತಕದಲ್ಲಿ ಏಳನೆಯದು ಗಂಡನ ಮನೆ. ಅಲ್ಲಿ ಮಂಗಳ ಕುಳಿತರೆ ಕಟ್ಟಿಕೊಂಡ ಗಂಡ ಬಾಳುವುದಿಲ್ಲ ಎಂಬುದು ಶಾಸ್ತ್ರ. ಜೋಯಿಸರು ತೊಟ್ಟಿಲಕೂಸಿನ ಬಗ್ಗೆ ಇದನ್ನೆಲ್ಲ ಜೋರಾಗಿ ಹೇಳಲಿಲ್ಲ, “ಮುಂದ ನೋಡೂಣು” ಎಂದರು. ಅಪ್ಪ ಜಾತಕವನ್ನು ಟ್ರಂಕಿನ ತಳದಲ್ಲಿಟ್ಟ. ಅವನೂ ಮುಂದೆ ನೋಡೋಣ ಎಂದುಕೊಂಡಿರಬೇಕು.

ಆ ‘ಮುಂದೆ’ ಬಂದದ್ದು ಎಪ್ಪತ್ತರ ದಶಕ ಶುರುವಾದಾಗ. ನೇಸರಗಿಯಿಂದ ಮೊದಲ ಗಂಡು ಬಂತು. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಹುಡುಗ, ತೆಳ್ಳಗಿದ್ದ. ಕಸ್ತೂರಕ್ಕ ಮಾಡಿದ ಅವಲಕ್ಕಿಗೆ ಹಸಿಮೆಣಸಿನಕಾಯಿ ಜಾಸ್ತಿ ಬಿದ್ದಿತ್ತು. ಹುಡುಗನ ಕಣ್ಣಲ್ಲಿ ನೀರು ಬಂತು. ಅವನ ತಾಯಿ ತಾಟು ಇಡಲು ಹೇಳಿದಾಗ ಅವನು, “ಖಾರ ಆಗೇತಿ ಖರೆ, ಆದ್ರ ಛಲೋ ಆಗೇತಿ” ಎಂದು ಪೂರ್ತಿ ತಿಂದ. ಕಸ್ತೂರಕ್ಕ ಆ ತಾಟನ್ನು ಒಳಗೆ ತಂದು ನನಗೆ ತೋರಿಸಿದಳು. ಒಂದು ಕಾಳು ಉಳಿದಿರಲಿಲ್ಲ. ಅವಳು ಕಪ್ಪಗಿದ್ದಳು, ಎತ್ತರವಿದ್ದಳು, ನಕ್ಕರೆ ಬಾಯಿ ತುಂಬ ನಗುತ್ತಿದ್ದಳು. ಅವತ್ತು ಮಾತ್ರ ತಾಟಿನ ಮೇಲೆ ಬಗ್ಗಿ ಸದ್ದಿಲ್ಲದೆ ನಕ್ಕಳು.

ಹುಡುಗನ ತಾಯಿ ಜಾತಕ ಕೇಳಿ ತೆಗೆದುಕೊಂಡು ಹೋದರು. ಕೆಲವು ದಿನಗಳ ನಂತರ ತಾವೇ ಬಂದು ಹಿಂದಿರುಗಿಸಿದರು. ಒಳ್ಳೆಯ ಹೆಂಗಸು, ಬೇರೆಯವರ ಕೈಯಲ್ಲಿ ಕಳಿಸಲಿಲ್ಲ.

“ಹುಡುಗಿ ಮನಸಿಗೆ ಬಂದಾಳ್ರಿ. ನನ್ನ ಮಗಗೂ ಬಂದಾಳ. ಆದ್ರ ನನಗ ಇಂವ ಒಬ್ಬನ ಮಗಾರಿ,” ಎಂದು ಕಣ್ಣೊರೆಸಿಕೊಂಡರು. ಅವ್ವ ಅವರಿಗೆ ಚಹಾ ಮಾಡಿಕೊಟ್ಟಳು. ಇಬ್ಬರೂ ಕೂಡಿ ಅತ್ತರು. ಯಾರ ಮೇಲೂ ಸಿಟ್ಟು ಮಾಡಲು ಬರುವಂತಿರಲಿಲ್ಲ, ಆಕಾಶದಲ್ಲಿದ್ದ ಒಬ್ಬನನ್ನು ಬಿಟ್ಟು.

ಆಮೇಲೆ ಬಂದವರೆಲ್ಲ ಹೀಗೆಯೇ ಹೋದರು. ಕಸ್ತೂರಕ್ಕ ಮಂಗಳವಾರ ಒಪ್ಪತ್ತು ಹಿಡಿದಳು. ತೊಗರಿಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ದಾನ ಕೊಡುತ್ತಿದ್ದಳು, ತಾನು ಮುಟ್ಟುತ್ತಿರಲಿಲ್ಲ. ಅವಳೊಬ್ಬಳನ್ನು ಬಿಟ್ಟು ನಾವು ಬೇಳೆಸಾರು ಸುರಿಯುವುದು ಹೇಗೆಂದು ಅವ್ವ ಮಂಗಳವಾರ ಇಡೀ ಮನೆಗೇ ತೊಗರಿಬೇಳೆ ನಿಲ್ಲಿಸಿದಳು. ನನಗೆ ಬೇಳೆಸಾರೆಂದರೆ ಪ್ರಾಣ, ಮೊದಮೊದಲು ಮಂಗಳನನ್ನು ಬೈದುಕೊಂಡೇ ಹೆಸರಿನ ಸಾರು ಉಂಡೆ. ನಮ್ಮ ಮಾಳಿಗೆಯ ಮೇಲೆ ಸಂಜೆ ಬಟ್ಟೆ ತೆಗೆಯಲು ಹೋದಾಗ ಕೆಂಪಗೆ ಕಾಣುವ ಒಂದು ಚುಕ್ಕಿಯನ್ನು ನಾನು ಅವಳಿಗೆ ತೋರಿಸಿದೆ, ಮಾಸ್ತರರು ನಮಗೆ ತೋರಿಸಿದ್ದರು. ಕಸ್ತೂರಕ್ಕ ಬಹಳ ಹೊತ್ತು ನೋಡಿದಳು.

“ಇಷ್ಟ ಸಣ್ಣಾಂವ ಏನ?” ಎಂದಳು.

ಕೊನೆಗೆ ಯಾರೋ ಅಪ್ಪನಿಗೆ ಒಂದು ಉಪಾಯ ಹೇಳಿದರು. ಹುಡುಗಿಯ ಲಗ್ನವನ್ನು ಮೊದಲು ಒಂದು ಮಣ್ಣಿನ ಗಡಿಗೆಯ ಕೂಡ ಮಾಡಬೇಕು. ಗಂಡನಿಗೆ ಬರುವ ಕೇಡು ಗಡಿಗೆಗೆ ತಟ್ಟುತ್ತದೆ. ಗಡಿಗೆಯನ್ನು ನೀರಿಗೆ ಬಿಟ್ಟು ಒಡೆದರೆ ಮಂಗಳನ ಸಿಟ್ಟು ಅಲ್ಲಿಗೆ ತೀರಿತು, ಎರಡನೆಯ ಗಂಡ ಕ್ಷೇಮ. ಅಪ್ಪ ಹೂಂ ಅಂದ. ಒಂದು ಬೆಳಿಗ್ಗೆ ನಾವು ನಾಲ್ವರು, ಜೊತೆಗೊಬ್ಬ ಪುರೋಹಿತರು, ಸೊಗಲಕ್ಕೆ ಹೋದೆವು. ಗುಡ್ಡದ ನಡುವೆ ನೀರು ಧುಮುಕುವ ಜಾಗ. ಅಲ್ಲಾದರೆ ನಮ್ಮ ಓಣಿಯವರು ಯಾರೂ ನೋಡುವುದಿಲ್ಲ ಎಂಬುದು ಅವ್ವನ ಲೆಕ್ಕ.

ಗಡಿಗೆಗೆ ಅರಿಷಿಣ ಹಚ್ಚಿ, ಕೊರಳಿಗೆ ಹಳದಿ ಪಾವಡದ ಬಟ್ಟೆ ಸುತ್ತಿದ್ದರು. ಅವ್ವ ಅದಕ್ಕೊಂದು ಸಣ್ಣ ಬಾಸಿಂಗವನ್ನೂ ಕಟ್ಟಿದ್ದಳು. ನನಗೆ ಆಗ ನಗುವ ವಯಸ್ಸು. “ಮಾಮಾ, ಎಲಿ ಅಡಿಕಿ ತಗೋರಿ” ಎಂದು ಗಡಿಗೆಯ ಮುಂದೆ ಎಲೆ ಹಿಡಿದೆ. ಕಸ್ತೂರಕ್ಕ ತಲೆ ಬಗ್ಗಿಸಿಕೊಂಡೇ ಕಿಸಕ್ಕೆಂದಳು. ನಮ್ಮ ಕಡೆ ಲಗ್ನವಾದ ಹುಡುಗಿ ಗಂಡನ ಹೆಸರು ಸೇರಿಸಿ ಒಡಪು ಹೇಳಬೇಕು. ನಾನು ಬಿಡಲಿಲ್ಲ, ಹೆಸರು ಹೇಳಕ್ಕಾ, ಹೆಸರು ಹೇಳಕ್ಕಾ ಎಂದು ಗಂಟುಬಿದ್ದೆ.

“ಇವಗಿನ್ನೂ ಹೆಸರ ಇಟ್ಟಿಲ್ಲ, ಸುಮ್ಮನಿರ” ಎಂದಳು.

ಗಡಿಗೆಯನ್ನು ನೀರಿಗೆ ಬಿಟ್ಟಾಗ ಅದು ಮುಳುಗಲಿಲ್ಲ. ತೇಲುತ್ತ ತೇಲುತ್ತ ಮತ್ತೆ ಅವಳ ಕಾಲ ಹತ್ತಿರವೇ ಬಂತು. ಪುರೋಹಿತರು ಕೋಲಿನಿಂದ ಒಂದು ಏಟು ಹಾಕಿದರು. ಒಡೆದ ಗಡಿಗೆ ಗುಳುಗುಳು ನೀರು ಕುಡಿದು ಮುಳುಗಿಹೋಯಿತು, ಬಾಸಿಂಗ ಮಾತ್ರ ಮೇಲೆ ಉಳಿಯಿತು. ಅಕ್ಕ ಕೊರಳಲ್ಲಿದ್ದ ಅರಿಷಿಣದ ದಾರ ಹರಿದು ನೀರಿಗೆ ಹಾಕಿ ಮಿಂದು ಬಂದಳು. ಆಮೇಲೆ ನಾವು ಬಸ್ಸು ಬರುವ ತನಕ ಒಂದು ಗಿಡದ ಕೆಳಗೆ ಚುರುಮುರಿ ತಿಂದೆವು. ಅಪ್ಪ ನಿರಾಳವಾಗಿ ಬೀಡಿ ಹಚ್ಚಿದ.

ಓಣಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಅಲ್ಲಿಯ ತನಕ ನಾಲ್ಕಾರು ಮನೆಗಳಿಗಷ್ಟೇ ಗೊತ್ತಿದ್ದ ಮಂಗಳ ಈಗ ಊರಿಗೆಲ್ಲ ಗೊತ್ತಾದ. ಗಡಿಗೆಯ ಕೂಡ ಲಗ್ನವಾದ ಹುಡುಗಿ ಎಂದು ಸಂತೆಯಲ್ಲಿ ಅವಳನ್ನು ತೋರಿಸುತ್ತಿದ್ದರು. ಗಂಡು ಬರುವುದು ನಿಂತೇಹೋಯಿತು.

ಎರಡು ವರ್ಷ ಕಾದು ಅಪ್ಪ ನನ್ನ ಲಗ್ನ ಮಾಡಿದ. ಕಿತ್ತೂರಿನ ಮನೆತನ. ಬೀಗರು ಜಾತಕ ಕೇಳಿದಾಗ ಅಪ್ಪ ಎದೆಯುಬ್ಬಿಸಿ, “ನಮ್ಮೊಳಗ ಅದೆಲ್ಲಾ ನಡ್ಯೂದಿಲ್ರಿ. ಲಿಂಗಾ ಕಟ್ಟಿಕೊಂಡವ್ರಿಗೆ ಗ್ರಹಾ ಏನ ಮಾಡತಾವು?” ಎಂದ. ಬೀಗರು ಮೆಚ್ಚಿ ತಲೆದೂಗಿದರು. ಒಳಗೆ ಶೇಂಗಾ ಹೋಳಿಗೆ ಲಟ್ಟಿಸುತ್ತಿದ್ದ ಕಸ್ತೂರಕ್ಕನ ಲತ್ತುಗುಣಿ ಒಂದು ಗಳಿಗೆ ನಿಂತಿತು, ಮತ್ತೆ ಓಡಿತು. ನನಗೆ ಅರಿಷಿಣ ಹಚ್ಚಿದವಳು ಅವಳೇ. ನನ್ನ ಬೆನ್ನು ತಿಕ್ಕುತ್ತ, “ನೀ ಪುಣ್ಯಾ ಮಾಡೀದಿ ನೋಡ, ನಿನಗ ಯಾವ ಗ್ರಹಾನೂ ಇಲ್ಲ” ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ಆ ಮಾತು ನೆನಪಿರುತ್ತಿರಲಿಲ್ಲ.

ಪಂಚಮಿಗೆ ತವರಿಗೆ ಬಂದಾಗ ಅವಳು ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸಲು ಹೋಗುತ್ತಿದ್ದಳು. ಆಯಿತವಾರ, ಸೋಮವಾರ, ಮಂಗಳವಾರ ಎಂದು ಮಕ್ಕಳ ಕೈಲಿ ರಾಗವಾಗಿ ಹಾಡಿಸುತ್ತಿದ್ದಳು. ಅದೇ ದಿನಗಳಲ್ಲಿ ಅಮೆರಿಕದವರ ಯಂತ್ರವೊಂದು ಮಂಗಳನ ಮೇಲೆ ಇಳಿದಿತ್ತು. ಅಪ್ಪ ಅಂಗಡಿಯಿಂದ ತಂದ ಪೇಪರಿನಲ್ಲಿ ಅದು ತೆಗೆದ ಫೋಟೋ ಬಂದಿತ್ತು. ಮಸಿ ಹರಡಿ ಮಬ್ಬಾಗಿದ್ದರೂ ಕಲ್ಲುಗಳು ಕಾಣುತ್ತಿದ್ದವು. ಎಲ್ಲಿ ನೋಡಿದರೂ ಕಲ್ಲು, ಆಚೆ ಬರಿಯ ಬಯಲು.

ನಾವಿಬ್ಬರೂ ಉಂಡಿಯ ಡಬ್ಬಿ ನಡುವೆ ಇಟ್ಟುಕೊಂಡು ಆ ಫೋಟೋ ನೋಡಿದೆವು.

“ರಾಮದುರ್ಗದ ಆಚೀಕಡೆ ಮಡ್ಡಿ ಇರತೈತಲ್ಲ, ಹಂಗ ಐತಿ,” ಎಂದಳು ಕಸ್ತೂರಕ್ಕ. “ಒಂದ ಜಾಲಿಗಿಡಾ ಸೈತ ಇಲ್ಲ. ಮನಿ ಇಲ್ಲ, ಮಂದಿ ಇಲ್ಲ.”

“ಇಂವನ ನೋಡ ನಿನಗ ಕಾಡಾಂವ,” ಎಂದೆ.

ಅವಳು ಪೇಪರನ್ನು ಮಡಚುತ್ತ, “ಪಾಪ, ಇವಗ ಯಾರೂ ಇಲ್ಲಲ್ಲ,” ಎಂದಳು. ನನಗೆ ಸಿಟ್ಟು ಬಂತು. ತನ್ನ ಬಾಳು ಹಾಳುಮಾಡಿದವನಿಗೆ ಪಾಪ ಎನ್ನುವ ಇವಳಿಗೆ ಏನು ಹೇಳುವುದೆಂದು ಉಂಡಿಯನ್ನು ಕಟುಮ್ಮನೆ ಕಚ್ಚಿದೆ.

ಇನ್ನು ಆಯಿಯ ಎರಡನೇ ಮಾತು. ಅದಾದ ಒಂದೆರಡು ವರ್ಷಕ್ಕೆ ದೊಡವಾಡದಲ್ಲಿ ಸೋದರಮಾವನ ಮಗನ ತೊಟ್ಟಿಲ ಕಾರ್ಯಕ್ರಮವಿತ್ತು. ಕಸ್ತೂರಕ್ಕ ಇಂಥದಕ್ಕೆಲ್ಲ ಬರುವುದನ್ನು ಬಿಟ್ಟಿದ್ದಳು. ಅಪ್ಪ, ನಾನು ಹೋಗಿ, ಸಂಜೆ ಬಸ್ಸಿಗಾಗಿ ಕಟ್ಟೆಯ ಮೇಲೆ ಕುಳಿತಿದ್ದೆವು. ಆಯಿ ಕಳಿಸಲು ಬಂದಿದ್ದಳು. ಬಸ್ಸಿನ ಸುಳಿವಿಲ್ಲ. ಅಪ್ಪ ಎದ್ದು ನಿಂತು, ಕುಳಿತು, ಸರಕಾರವನ್ನು ಬೈಯಲು ಶುರುಮಾಡಿದ. ಆಯಿ ಎಲೆಗೆ ಸುಣ್ಣ ಹಚ್ಚುತ್ತ ಸಮಾಧಾನ ಹೇಳಿದಳು.

“ಇದೇನ ತಡಾರಿ ಅಳಿಯಾರ! ನಮ್ಮ ಕಸ್ತೂರಿ ಹುಟ್ಟಿದ ದಿನಾ ಹಳ್ಳಾ ತುಂಬಿ ಬಂದ, ಮೋಟಾರ ಆಚೀ ದಂಡೀಗೇ ನಿಂತಿತ್ತು. ದೀಪಾ ಹಚ್ಚಿ ಎಷ್ಟೋ ಹೊತ್ತಾದ ಮ್ಯಾಲ ಬಂತು. ಅದು ಬಂದ ನಿಲ್ಲೂದಕೂ ಕೂಸು ಹುಟ್ಟೂದಕೂ ಸರೀ ಆತು.”

ಅಪ್ಪ ಬೈಯುವುದನ್ನು ನಿಲ್ಲಿಸಿದ. ಆಯಿಯ ಮುಖವನ್ನೇ ನೋಡಿದ.

“ಅತ್ತೀ, ಅವತ್ತ ಮೋಟಾರ ತಡಾ ಆಗಿತ್ತ?”

“ಹೂಂನ್ರಿ. ಮಂದಿ ಎಲ್ಲಾ ಕಂದೀಲ ಹಿಡಕೊಂಡ ಇಳದಿದ್ರು.”

“ಇದನ್ನ ನೀವು ನನಗ ಯಾಕ ಹೇಳಲಿಲ್ಲ?”

“ಮೋಟಾರ ಬಂದಾಗ ಹುಟ್ಟೇತಿ ಅಂತ ಹೇಳಿದ್ನೆಲ್ಲರಿ! ತಡಾ ಆಗಿತ್ತೇನು ಅಂತ ನೀವೆಲ್ಲಿ ಕೇಳಿದ್ರಿ?”

ಆಯಿಗೆ ಏನೂ ತಿಳಿದಿರಲಿಲ್ಲ. ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ಅಂಡಿಗೆಯ ತಳದ ಹತ್ತಿಯನ್ನೂ ಎಳೆದು ನೋಡುತ್ತಿದ್ದ ನಮ್ಮಪ್ಪ, ಮಗಳು ಹುಟ್ಟಿದ ವೇಳೆಯನ್ನು ಮಾತ್ರ ಮೇಲಿನದಷ್ಟೇ ನೋಡಿ ಕೊಂಡಿದ್ದ. ಬಸ್ಸು ಬಂದಾಗ ನಾನೇ ಅವನ ಕೈ ಹಿಡಿದು ಹತ್ತಿಸಬೇಕಾಯಿತು.

ಅಪ್ಪ ಸವದತ್ತಿಗೆ ಹೋಗಲಿಲ್ಲ, ಆ ಜೋಯಿಸರು ತೀರಿಕೊಂಡಿದ್ದರು. ರಾಮದುರ್ಗದಲ್ಲಿ ಇನ್ನೊಬ್ಬರ ಹತ್ತಿರ ಹೊಸ ವೇಳೆ ಕೊಟ್ಟು ಬರೆಸಿಕೊಂಡು ಬಂದ. ನಾನು ಇನ್ನೂ ತವರಿನಲ್ಲೇ ಇದ್ದೆ. ಅಪ್ಪ ಚಪ್ಪಲಿ ಬಿಡದೆಯೇ ಒಳಗೆ ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

“ಕಸ್ತೂರೀ, ನಿನಗ ಮಂಗಳ ಇಲ್ಲವಾ! ಆರನೇ ಮನ್ಯಾಗ ಅದಾನಂತ. ಅಲ್ಲಿದ್ರ ಛಲೋನಂತ, ವೈರಿಗಳು ಇರೂದಿಲ್ಲಂತ!”

ಆಕಾಶದಲ್ಲಿ ಮಂಗಳ ಅವತ್ತಿನ ಸಂಜೆಯೆಲ್ಲ ತನ್ನ ಜಾಗದಲ್ಲೇ ಇದ್ದ. ತಿರುಗಿದ್ದು ನಮ್ಮ ಭೂಮಿ. ಎರಡು ತಾಸಿಗೊಮ್ಮೆ ಜಾತಕದ ಮನೆಗಳು ಒಂದೊಂದಾಗಿ ಸರಿಯುತ್ತವೆಯಂತೆ. ಹಳ್ಳದ ಆಚೆ ದಂಡೆಯಲ್ಲಿ ಮೋಟಾರು ನಿಂತಷ್ಟು ಹೊತ್ತಿನಲ್ಲಿ ಅಕ್ಕನ ಜಾತಕದ ಮನೆಗಳೂ ಸರಿದುಹೋಗಿದ್ದವು.

ಕಸ್ತೂರಕ್ಕ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

“ಹಂಗಾರ ನೇಸರಗಿಯವ್ರು ಯಾಕ ಒಲ್ಲೆ ಅಂದ್ರಪಾ?”

ಆ ಹುಡುಗನಿಗೆ ಅಷ್ಟರಲ್ಲಿ ಇಬ್ಬರು ಮಕ್ಕಳು.

ಅಪ್ಪ ಸುಮ್ಮನೆ ಕೂರಲಿಲ್ಲ. ಹೊಸ ಜಾತಕ ಹಿಡಿದು ಸವದತ್ತಿಯ ಒಂದು ಮನೆಗೆ ಹೋದ. ಹೆಂಡತಿ ಸತ್ತ ಗಂಡು, ಅಕ್ಕನಿಗಿಂತ ಬಹಳ ದೊಡ್ಡವನು. ಆದರೂ ಒಪ್ಪಿಗೆಯಾಗುವಂತಿತ್ತು. ಆ ಮನೆಯ ಹಿರಿಯ ಮುದುಕಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರಂತೆ. ಅಪ್ಪ ಮನೆಗೆ ಬಂದು ಅದನ್ನು ಅವ್ವನಿಗೆ ಹೇಳುವಾಗ ನಾನೂ ಕಸ್ತೂರಕ್ಕನೂ ಹೊಸ್ತಿಲಲ್ಲೇ ಇದ್ದೆವು.

“ಆಕಿ ಏನ ಅಂದ್ಳು ಗೊತ್ತೇನ? ಮಂಗಳ ಇದ್ದಿದ್ರ ಗಡಿಗಿ ಲಗ್ನಾ ಬರೇ ಶಾಂತೀರಿ. ಮಂಗಳ ಇಲ್ಲ ಅಂತ ನೀವ ಹೇಳತೀರಿ. ಹಂಗಾರ ಅದು ಖರೇ ಲಗ್ನಾ ಆತಲ್ಲ? ಆ ಗಡಿಗಿ ಒಡದೀರಿ. ನಾವು ಈಗ ಕನ್ಯಾ ತರಬೇಕೊ, ಗಂಡ ಸತ್ತಾಕೀನ ತರಬೇಕೊ, ನೀವ ಹೇಳ್ರಿ ಅಂದ್ಳು.”

ಮೊದಲು ನಕ್ಕವಳು ಕಸ್ತೂರಕ್ಕ. ಬಾಯಿ ತುಂಬ ನಕ್ಕಳು, ನಾನೂ ನಕ್ಕೆ. ಅವ್ವ ನಗಲೋ ಅಳಲೋ ತಿಳಿಯದೆ ಸೆರಗು ಬಾಯಿಗಿಟ್ಟುಕೊಂಡಳು. ನಗು ಮುಗಿದ ಮೇಲೆ ಅಕ್ಕ ಗೋಡೆಗೆ ಒರಗಿ ಕುಳಿತಳು.

“ಗಡಿಗಿ ಮುಳುಗಿದಾಗ ಯಾರೂ ಅಳಲಿಲ್ಲ. ನಾನರೆ ಅಳಬೇಕಾಗಿತ್ತು,” ಎಂದಳು.

ನಾನು ಅವಳ ಮುಖ ನೋಡಲಾರದೆ ಹಿತ್ತಲಿಗೆ ಹೋದೆ. ಅಪ್ಪ ಎರಡೂ ಜಾತಕ ಒಲೆಗೆ ಹಾಕಿದ. ಅಂದಿನಿಂದ ಸಾಯುವವರೆಗೆ ಬಸ್ಸು ತಡವಾದರೆ ಅವನು ಯಾರನ್ನೂ ಬೈಯಲಿಲ್ಲ, ಮುಖ ಸಣ್ಣದು ಮಾಡಿಕೊಂಡು ಮೂಲೆಗೆ ಹೋಗಿ ನಿಲ್ಲುತ್ತಿದ್ದ.

ಮುಂದಿನ ಮಂಗಳವಾರ ಅವ್ವ ತೊಗರಿಬೇಳೆ ಬೇಯಲು ಇಟ್ಟಳು. ಇನ್ನು ಯಾತರ ವ್ರತ, ಮಂಗಳನೇ ಇಲ್ಲವಲ್ಲ. ಕಸ್ತೂರಕ್ಕ ಊಟಕ್ಕೆ ಬರಲಿಲ್ಲ. ಒಪ್ಪತ್ತು ಎಂದಳು. ನಾನು ರೇಗಿದೆ, ಇಷ್ಟೆಲ್ಲ ಆದ ಮೇಲೂ ನಿನಗೆ ಬುದ್ಧಿ ಬರಲಿಲ್ಲವೇ ಎಂದೆ.

“ಇಷ್ಟ ವರ್ಸಾ ಎಲ್ಲಾರೂ ಕೂಡಿ ಅವಗ ಬೈದೇವಿ,” ಎಂದಳು ಅವಳು ನಿಧಾನವಾಗಿ. “ಅವಂದೂ ತಪ್ಪಿರಲಿಲ್ಲ, ನಂದೂ ತಪ್ಪಿರಲಿಲ್ಲ. ಇಬ್ಬರದೂ ಹೆಸರ ಸುಳ್ಳ ಸುಳ್ಳ ಕೆಟ್ಟತು. ಮಂದಿ ಬಿಟ್ರಂತ ನಾನೂ ಬಿಡ್ಲೇನ?”

ಬಿಡಲಿಲ್ಲ. ಮೊದಲು ಅವನು ತೊಲಗಲಿ ಎಂದು ಹಿಡಿದ ವಾರವನ್ನು ಆಮೇಲೆ ಅವನಿಗಾಗಿ ಹಿಡಿದಳು. ಅವಳು ಬಿಡದ ಮೇಲೆ ಕಿತ್ತೂರಿನ ನನ್ನ ಅಡುಗೆಮನೆಯಲ್ಲೂ ಮಂಗಳವಾರ ತೊಗರಿಯ ಡಬ್ಬಿ ಇಳಿಯಲಿಲ್ಲ. ಎಷ್ಟೋ ಮಕ್ಕಳಿಗೆ ವಾರಗಳ ಹಾಡು ಕಲಿಸಿದಳು. ಅವರ ಲಗ್ನಗಳಿಗೆ ಕರೆ ಬಂದರೆ ಅಕ್ಷತೆ ಬೀಳುವವರೆಗೆ ಹಿಂದೆ ನಿಂತು, ಊಟ ಮಾಡದೆ ಬರುತ್ತಿದ್ದಳು. ಜಾತಕವಿಲ್ಲದ ನಾನು ಗಂಡ, ಮಕ್ಕಳು, ಸೊಸೆ ಎಂದು ಬಾಳಿದೆ. ಅವಳ ಎದುರು ನನ್ನ ಸಂಸಾರದ ರಗಳೆ ಹೇಳಿಕೊಳ್ಳುವಾಗ ಪ್ರತಿಸಲವೂ ನಾಲಿಗೆ ತಡವರಿಸುತ್ತಿತ್ತು.

ಅವಳು ತೀರಿಕೊಂಡಾಗ ನಾನು ಕಿತ್ತೂರಿನಿಂದ ಓಡಿದೆ. ಹೆಂಗಸರು ಮೈ ತೊಳೆದು ಸೀರೆ ಉಡಿಸಿದ್ದರು. ಹಣೆಯ ಹತ್ತಿರ ಬಂದು ಎಲ್ಲರ ಕೈ ನಿಂತಿತ್ತು. ಓಣಿಯ ಹಿರಿಯಳು ಗಂಗವ್ವ, ಗಂಡ ಇದ್ದಾಕೆ, ಮುತ್ತೈದೆ, ನನ್ನನ್ನು ಪಕ್ಕಕ್ಕೆ ಕರೆದಳು.

“ತಪ್ಪ ತಿಳೀಬ್ಯಾಡವಾ. ಇಭೂತಿ ಅಷ್ಟ ಹಚ್ಚೂಣೋ, ಕುಂಕಮಾನೂ ಹಚ್ಚೂಣೋ? ಲಗ್ನಾ ಆಗಿಲ್ಲ ಅಂದ್ರ ಆಗಿಲ್ಲ. ಆಗೇತಿ ಅಂದ್ರ, ಆ ಗಡಿಗಿ...”

ಅವಳಲ್ಲಿ ಕೆಟ್ಟತನವಿರಲಿಲ್ಲ. ಸತ್ತವಳಿಗೆ ಸಲ್ಲಬೇಕಾದ್ದು ಸಲ್ಲಲಿ ಎಂದೇ ಕೇಳಿದ್ದಳು. ನಾನು ಕುಂಕುಮದ ಬಟ್ಟಲು ತೆಗೆದುಕೊಂಡೆ. ಕಸ್ತೂರಕ್ಕನ ಅಗಲವಾದ ಕಪ್ಪು ಹಣೆಯ ನಡುವೆ ದೊಡ್ಡದಾಗಿ ಹಚ್ಚಿದೆ, ಕೆಂಪಗೆ ಎದ್ದು ಕಂಡಿತು.

ಹಿಂದಿನಿಂದ ಯಾರೋ ಮೆಲ್ಲಗೆ ಕೇಳಿದರು, “ಯಾರ ಹೆಸರಲೇ ಹಚ್ಚಿದಿ?”

“ಮಂಗಳನ ಹೆಸರಲೇ,” ಎಂದೆ. “ಅಂವ ಇನ್ನೂ ಅದಾನಲ್ಲ.”

ಗಂಗವ್ವ ನನ್ನ ಮುಖ ನೋಡಿದಳು. ತನ್ನ ಕೈಯ ಹಸಿರು ಬಳೆಗಳಲ್ಲಿ ಎರಡು ತೆಗೆದು ಕಸ್ತೂರಕ್ಕನ ಕೈಗೆ ಏರಿಸಿದಳು.